ಗರ್ಭಿಣಿಯ ಊಟದಿಂದಲೇ ಕಬ್ಬಿಣ, ಕ್ಯಾಲ್ಸಿಯಂ, ಅಯೋಡಿನ್ ಸಾಕಷ್ಟು ದೊರೆಯುತ್ತವೆಯೇ?

ಪ್ರಶ್ನೆ: ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯವಳು. ಚೊಚ್ಚಲ ಬಸಿರು, ಈಗ ಐದನೆಯ ತಿಂಗಳು ನಡೆಯುತ್ತಿದೆ. ಕಳೆದ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 10.2 ಗ್ರಾಂ ಬಂದಿದ್ದರಿಂದ ವೈದ್ಯರು ಕಬ್ಬಿಣಾಂಶದ ಮಾತ್ರೆಯನ್ನು ದಿನಕ್ಕೆರಡು, ಕ್ಯಾಲ್ಸಿಯಂ ಮಾತ್ರೆಯನ್ನು ದಿನಕ್ಕೆರಡು ಬರೆದುಕೊಟ್ಟಿದ್ದಾರೆ. ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯೂ ಕಾಡುತ್ತದೆ. ಆದ್ದರಿಂದ ಮಾತ್ರೆಗಳನ್ನು ಬಿಟ್ಟು ಊಟದಿಂದಲೇ ಇವನ್ನೆಲ್ಲ ಪಡೆಯಲು ಸಾಧ್ಯವೇ ಎಂಬುದು ನನ್ನ ಮೊದಲ ಪ್ರಶ್ನೆ.

ನಮ್ಮ ಮನೆಯ ಊಟ ಹೀಗಿದೆ. ಬೆಳಿಗ್ಗೆ ಇಡ್ಲಿ, ದೋಸೆ ಅಥವಾ ಉಪ್ಪಿಟ್ಟು; ಮಧ್ಯಾಹ್ನ ರಾಗಿ ಮುದ್ದೆ, ಸೊಪ್ಪು ಅಥವಾ ಕಾಳಿನ ಸಾರು, ಮಜ್ಜಿಗೆ; ರಾತ್ರಿ ಅನ್ನ ಸಾರು, ಮಲಗುವ ಮುನ್ನ ಒಂದು ಲೋಟ ಹಾಲು. ಮಾಂಸ ಮೀನು ತಿನ್ನುವವರಲ್ಲ, ಮೊಟ್ಟೆ ಅಪರೂಪಕ್ಕೆ. ತಿಂಡಿಯಾದ ಕೂಡಲೇ ಒಂದು ಲೋಟ ಕಾಫಿ, ಸಂಜೆ ಇನ್ನೊಂದು ಬೇಕೇ ಬೇಕು. ಅತ್ತೆಯವರು ಬೀಟ್‌ರೂಟ್, ದಾಳಿಂಬೆ, ಖರ್ಜೂರ ತಿಂದರೆ ರಕ್ತ ತಾನಾಗಿ ಆಗುತ್ತದೆ ಎನ್ನುತ್ತಾರೆ. ಎಳ್ಳು ಮತ್ತು ಹುರುಳಿ ಮಾತ್ರ ಉಷ್ಣವೆಂದು ಅಡುಗೆಮನೆಯಿಂದ ದೂರವಿಟ್ಟಿದ್ದಾರೆ. ನೆರೆಮನೆಯವರೊಬ್ಬರು ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಎಂದೂ ಹೇಳಿದರು. ಅದನ್ನು ನಾನು ನಂಬುವುದಿಲ್ಲ, ಆದರೆ ಎದುರು ಮಾತನಾಡಲು ನನ್ನ ಬಳಿ ತಿಳಿವಳಿಕೆಯ ಬಲವಿಲ್ಲ. ಅಲ್ಲದೆ, ಆರೋಗ್ಯಕ್ಕೆ ಒಳ್ಳೆಯದೆಂದು ನಮ್ಮ ಮನೆಯಲ್ಲಿ ಪುಡಿಯುಪ್ಪನ್ನು ಬಿಟ್ಟು ಸೈಂಧವ ಲವಣ ಬಳಸುತ್ತಿದ್ದೇವೆ. ಅದರಿಂದ ತೊಂದರೆ ಏನಾದರೂ ಇದೆಯೇ? ಬಲ್ಲವರು ದಯವಿಟ್ಟು ಬಿಡಿಸಿ ತಿಳಿಸಬೇಕು.

ಉತ್ತರ: ಸೊಪ್ಪಿನಮಡಿ

ನಾನು ಆಹಾರ ವಿಜ್ಞಾನವನ್ನು ಪಾಠ ಹೇಳುವವಳು. ನಿಮ್ಮ ಪ್ರಶ್ನೆಗೆ ಎಲ್ಲ ಖನಿಜಗಳಿಗೂ ಸಲ್ಲುವ ಒಂದೇ ಉತ್ತರವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕ್ಯಾಲ್ಸಿಯಂ ವಿಷಯದಲ್ಲಿ ನಿಮ್ಮ ಸೀಮೆಯ ಅಡುಗೆ ಬಹುಮಟ್ಟಿಗೆ ಸಮರ್ಥವಾಗಿದೆ. ಕಬ್ಬಿಣದ ವಿಷಯದಲ್ಲಿ, ಅದರಲ್ಲೂ ಬಸಿರಿನ ಎರಡನೆಯ ಅರ್ಧದಲ್ಲಿ, ಯಾವ ಸೀಮೆಯ ಸಸ್ಯಾಹಾರಿ ಊಟವೂ ಒಂಟಿಯಾಗಿ ಸಾಲುವುದಿಲ್ಲ. ಅಯೋಡಿನ್ ಅಂತೂ ನೀವು ಯಾವ ಉಪ್ಪನ್ನು ಕೊಳ್ಳುತ್ತೀರಿ ಎಂಬುದರ ಮೇಲೆಯೇ ನಿಂತಿದೆ.

ಕಬ್ಬಿಣದ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಗೊಂದಲವೆಲ್ಲ ಹುಟ್ಟುವುದು ಇಲ್ಲಿಯೇ. ಒಂದು ಬಸಿರಿನ ಉದ್ದಕ್ಕೂ ತಾಯಿಯ ದೇಹಕ್ಕೆ ಹೆಚ್ಚುವರಿಯಾಗಿ ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕಾಗುತ್ತದೆ. ಅದರಲ್ಲಿ ಸುಮಾರು 300 ಮಗುವಿಗೂ ಮಾಸಿಗೂ ಹೋದರೆ, ಸುಮಾರು 500 ತಾಯಿಯ ಹೆಚ್ಚಿದ ರಕ್ತಕ್ಕೇ ಬೇಕು. ಉಳಿದದ್ದು ದೇಹ ದಿನನಿತ್ಯ ಕಳೆದುಕೊಳ್ಳುವ ಪಾಲು. ಈ ಬೇಡಿಕೆ ಒಂಬತ್ತು ತಿಂಗಳಿಗೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಬಹುಪಾಲು ಐದನೆಯ ತಿಂಗಳಿನಿಂದ ಈಚೆಗೆ, ಅಂದರೆ ನೀವು ಈಗ ಕಾಲಿಟ್ಟಿರುವ ಅವಧಿಯಲ್ಲೇ ಬಂದು ಬೀಳುತ್ತದೆ. ಆ ಹೊತ್ತಿಗೆ ದಿನವೊಂದಕ್ಕೆ ಸುಮಾರು 4ರಿಂದ 6 ಮಿಲಿಗ್ರಾಂ ಕಬ್ಬಿಣವು ಕರುಳನ್ನು ದಾಟಿ ರಕ್ತವನ್ನು ಸೇರಬೇಕು.

ಈಗ ತಟ್ಟೆಯ ಕಡೆ ನೋಡಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 4ರಿಂದ 5 ಮಿಲಿಗ್ರಾಂ, ಅಷ್ಟೇ ತೂಕದ ಹರಿವೆ ಅಥವಾ ನುಗ್ಗೆ ಸೊಪ್ಪಿನಲ್ಲಿ ಹೆಚ್ಚುಕಡಿಮೆ ಅಷ್ಟೇ, ಒಂದು ಹಿಡಿ ಹೆಸರುಕಾಳು ಅಥವಾ ಕಡಲೆಕಾಳಿನಲ್ಲಿ 2ರಿಂದ 3 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಇಡೀ ದಿನದ ಊಟವನ್ನು ಒಟ್ಟುಗೂಡಿಸಿದರೆ ಚೆನ್ನಾಗಿ ಉಣ್ಣುವವರಿಗೂ 15ರಿಂದ 18 ಮಿಲಿಗ್ರಾಂ ಆದೀತು. ಗರ್ಭಿಣಿಯರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಸೂಚಿಸಿದ ಪ್ರಮಾಣ ದಿನಕ್ಕೆ 27 ಮಿಲಿಗ್ರಾಂ. ಕೊರತೆ ಇಷ್ಟೇ ಆಗಿದ್ದರೆ ಇನ್ನೊಂದು ಮುದ್ದೆ ಉಂಡು ತುಂಬಿಸಿಕೊಳ್ಳಬಹುದಿತ್ತು. ಆದರೆ ಧಾನ್ಯ ಮತ್ತು ಬೇಳೆಗಳೇ ಪ್ರಧಾನವಾದ ನಮ್ಮ ಊಟದ ಕಬ್ಬಿಣದಲ್ಲಿ ದೇಹವು ಸಾಮಾನ್ಯವಾಗಿ ಹೀರಿಕೊಳ್ಳುವುದು ನೂರಕ್ಕೆ 5ರಿಂದ 8 ಪಾಲು ಮಾತ್ರ. ರಾಗಿ ಮತ್ತು ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು, ರಾಗಿಯ ಕೆಂಪು ಸಿಪ್ಪೆಯಲ್ಲಿರುವ ಟ್ಯಾನಿನ್ ಇವೆರಡೂ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಬಿಡುವುದಿಲ್ಲ. ಬಸಿರಿನಲ್ಲಿ ಕರುಳು ತಾನಾಗಿಯೇ ಹೆಚ್ಚು ಹೀರಲು ತೊಡಗುತ್ತದೆ ನಿಜ. ಆದರೆ ಅದು ಎರಡು ಪಟ್ಟಾದರೂ ಬೇಡಿಕೆಯ ಹತ್ತಿರ ಬರುವುದಿಲ್ಲ. ಆದ್ದರಿಂದಲೇ ಎರಡನೆಯ ತ್ರೈಮಾಸಿಕದಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ 60 ಮಿಲಿಗ್ರಾಂ ಕಬ್ಬಿಣವುಳ್ಳ ಮಾತ್ರೆಯನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದೆ. ಇದನ್ನು ಊಟ ಸರಿಯಿಲ್ಲದವರಿಗೆ ಕೊಡುವ ಔಷಧವೆಂದು ಭಾವಿಸಬೇಡಿ. ಚೆನ್ನಾಗಿ ಉಣ್ಣುವವರಿಗೂ ಇದು ಬೇಕು.

ಅತ್ತೆಯವರ ಕಾಳಜಿ ದೊಡ್ಡದು, ಆದರೆ ಬಣ್ಣ ನೋಡಿ ಆರಿಸಿದ ಹಣ್ಣುಗಳಿಂದ ರಕ್ತವಾಗುವುದಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ 1 ಮಿಲಿಗ್ರಾಂಗಿಂತ ಕಡಿಮೆ ಕಬ್ಬಿಣವಿದೆ, ದಾಳಿಂಬೆಯಲ್ಲಿ ಅದಕ್ಕಿಂತಲೂ ಕಡಿಮೆ. ಅವರು ಉಷ್ಣವೆಂದು ದೂರವಿಟ್ಟ ಹುರುಳಿಯಲ್ಲಿ 100 ಗ್ರಾಂಗೆ 6ರಿಂದ 8 ಮಿಲಿಗ್ರಾಂ ಕಬ್ಬಿಣವೂ, 250 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಕೂಡ ಇದೆ. ಎಳ್ಳಿನಲ್ಲಿ 100 ಗ್ರಾಂಗೆ 1200 ಮಿಲಿಗ್ರಾಂ ಮೇಲ್ಪಟ್ಟು ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ ಒಂದು ದೊಡ್ಡ ಚಮಚ ಚಟ್ನಿಪುಡಿಯಾಗಿ ತಿಂದರೂ ನೂರು ಮಿಲಿಗ್ರಾಂ ಸೇರಿತು. ಹುರುಳಿ ಸಾರು, ಎಳ್ಳಿನ ಚಟ್ನಿಪುಡಿ ಎಂದು ಅಡುಗೆಯ ಪ್ರಮಾಣದಲ್ಲಿ ಇವನ್ನು ತಿಂದು ಗರ್ಭಕ್ಕೆ ಕೇಡಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಸುರಿಯರ ಹೊಟ್ಟೆಗೆ ಬೀಳುವುದನ್ನು ತಡೆಯುವ ಇಂಥ ಪಥ್ಯಗಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗೆಂದು ಊಟವನ್ನು ಕಡೆಗಣಿಸಬೇಡಿ. ಮಾತ್ರೆ ಬೇಕೆಂದ ಮಾತ್ರಕ್ಕೆ ತಟ್ಟೆಯ ಕೆಲಸ ಮುಗಿಯುವುದಿಲ್ಲ. ಅದೇ ಅಡುಗೆಯಿಂದ ದೇಹಕ್ಕೆ ಸೇರುವ ಪಾಲನ್ನು ಬಹಳಷ್ಟು ಹೆಚ್ಚಿಸಲು ಸಾಧ್ಯವಿದೆ. ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು ಸಿ ಜೀವಸತ್ವ. ಬಸ್ಸಾರು, ಉಪ್ಪುಸಾರು ಮಾಡಿದ ದಿನ ಒಲೆಯಿಂದ ಇಳಿಸಿ ಬಡಿಸಿಕೊಂಡ ಮೇಲೆ ಅರ್ಧ ನಿಂಬೆಹಣ್ಣನ್ನು ಹಿಂಡಿಕೊಳ್ಳಿ. ಕುದಿಯುವಾಗ ಹಿಂಡಿದರೆ ಜೀವಸತ್ವ ಹಾಳಾಗುತ್ತದೆ. ಊಟದ ಜೊತೆಗೆ ಸೀಬೆಹಣ್ಣಿನ ಹೋಳು ಅಥವಾ ಹಸಿ ನೆಲ್ಲಿಕಾಯಿ ಇದ್ದರೆ ಇನ್ನೂ ಉತ್ತಮ. ಬಸ್ಸಾರಿನಲ್ಲಿ ಕಾಳು ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಸಾರಿಗೇ ಬಳಸುವುದರಿಂದ ನೀರಿಗಿಳಿದ ಖನಿಜವೂ ಉಳಿಯುತ್ತದೆ. ಕಾಳುಗಳನ್ನು ರಾತ್ರಿ ನೆನೆಸಿ ಮೊಳಕೆ ಕಟ್ಟಿದರೆ, ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿಸಿದರೆ ಫೈಟೇಟ್ ಇಳಿಯುತ್ತದೆ. ಹುಳಿ ಬರಿಸಿದ ಅಂಬಲಿ, ಇಡ್ಲಿ, ದೋಸೆಗಳಲ್ಲೂ ಹಾಗೆಯೇ. ಮನೆಯಲ್ಲಿ ಹಳೆಯ ಕಬ್ಬಿಣದ ಬಾಣಲೆ ಇದ್ದರೆ ಹುಣಸೆ ಅಥವಾ ಟೊಮೆಟೊ ಹಾಕಿದ ಪಲ್ಯಗಳನ್ನು ಅದರಲ್ಲೇ ಮಾಡಿ.

ಇನ್ನು ಕಾಫಿ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದೊಂದಿಗೆ ಕುಡಿದ ಕಾಫಿಯಿಂದ ಕಬ್ಬಿಣದ ಹೀರಿಕೆ ನೂರಕ್ಕೆ 39ರಷ್ಟು, ಚಹಾದಿಂದ ನೂರಕ್ಕೆ 64ರಷ್ಟು ಕುಗ್ಗಿತ್ತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆ ಕಾಣಲಿಲ್ಲ, ಒಂದು ಗಂಟೆಯ ನಂತರ ಕುಡಿದದ್ದು ಮಾತ್ರ ಊಟದೊಂದಿಗೆ ಕುಡಿದಷ್ಟೇ ಅಡ್ಡಿ ಮಾಡಿತು. ಅಂದರೆ ನೀವು ಬಿಡಬೇಕಾದದ್ದು ಕಾಫಿಯನ್ನಲ್ಲ, ತಿಂಡಿಯ ಬೆನ್ನಿಗೇ ಕುಡಿಯುವ ಪದ್ಧತಿಯನ್ನು. ಎದ್ದು ಸ್ವಲ್ಪ ಹೊತ್ತಿಗೆ ಕುಡಿದು, ಗಂಟೆ ಕಳೆದ ಮೇಲೆ ತಿಂಡಿ ತಿನ್ನಿ. ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ಮೀರದಿರಲೆಂಬ ಕಾರಣಕ್ಕೆ ಡಿಕಾಕ್ಷನ್ ತೆಳುವಾಗಿರಲಿ, ಲೋಟವೂ ಚಿಕ್ಕದಿರಲಿ.

ಉತ್ತರ: ಊರಬಾಗಿಲು

ನಾನು ಆಶಾ ಕಾರ್ಯಕರ್ತೆ. ಮಾತ್ರೆಗಳನ್ನು ಮನೆಮನೆಗೆ ತಲುಪಿಸುವುದಕ್ಕಿಂತ ಅವು ಹೊಟ್ಟೆ ಸೇರುವಂತೆ ನೋಡಿಕೊಳ್ಳುವುದೇ ನಮ್ಮ ಕೆಲಸದ ಕಷ್ಟದ ಭಾಗ. ಅಕ್ಕಿ ಡಬ್ಬದ ಹಿಂದೆ ಹಾಗೇ ಉಳಿದ ಮಾತ್ರೆಯ ಪಟ್ಟಿಗಳನ್ನು ಕಂಡಾಗ ಆ ತಾಯಿಯ ಮೇಲೆ ಸಿಟ್ಟು ಬರುವುದಿಲ್ಲ, ಅವಳಿಗೆ ಆಗುವ ತೊಂದರೆಯನ್ನು ಯಾರೂ ಕೂತು ಕೇಳಿಲ್ಲ ಎಂದು ಬೇಸರವಾಗುತ್ತದೆ.

ಮೊದಲನೆಯದಾಗಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ. ಕ್ಯಾಲ್ಸಿಯಂ ಇದ್ದ ಕಡೆ ಕಬ್ಬಿಣ ಸರಿಯಾಗಿ ಒಳಸೇರುವುದಿಲ್ಲ; ಎರಡರ ನಡುವೆ ಕನಿಷ್ಠ ಎರಡು ಗಂಟೆಯ ಅಂತರವಿರಲಿ. ಕ್ಯಾಲ್ಸಿಯಂ ಊಟದ ಜೊತೆಗಿರಲಿ, ಕಬ್ಬಿಣ ಊಟವಾಗಿ ಎರಡು ಗಂಟೆಯ ಮೇಲಿರಲಿ. ನೀವು ರಾತ್ರಿ ಕುಡಿಯುವ ಹಾಲಿನೊಂದಿಗೇ ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಅದನ್ನು ಇಂದೇ ನಿಲ್ಲಿಸಿ, ನಿಂಬೆಯ ಪಾನಕ ಅಥವಾ ಬರಿಯ ನೀರಿನೊಂದಿಗೆ ತೆಗೆದುಕೊಳ್ಳಿ. ಹಾಲನ್ನು ಸಂಜೆಗೆ ಸರಿಸಿ. ವಾಕರಿಕೆ ಹೆಚ್ಚಿರುವವರಿಗೆ ಮಲಗುವ ಹೊತ್ತಿನ ಮಾತ್ರೆ ಒಗ್ಗುತ್ತದೆ. ಮಲ ಕಪ್ಪಾಗುವುದು ಸಹಜ, ಹೆದರಬೇಕಾಗಿಲ್ಲ. ಮಗು ಕಪ್ಪಾಗುವುದು ಮಾತ್ರ ಶುದ್ಧ ಸುಳ್ಳು. ಮಗುವಿನ ಬಣ್ಣ ತಂದೆತಾಯಿಯರಿಂದ ಬರುತ್ತದೆ, ಮಾತ್ರೆಯಿಂದಲ್ಲ. ಕೇಸರಿಯಿಂದ ಬೆಳ್ಳಗಾಗುತ್ತದೆ ಎಂಬುದೂ ಹಾಗೆಯೇ, ಆ ಹಣದಲ್ಲಿ ಮೊಟ್ಟೆ ಕೊಳ್ಳಬಹುದು.

ಎರಡನೆಯದಾಗಿ, ನಿಮ್ಮ ಊರಿನ ಅಂಗನವಾಡಿಯಲ್ಲಿ ಹೆಸರು ಬರೆಸಿದ್ದೀರಾ? 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ತಿಂಗಳಿಗೆ 25 ದಿನ ಮಧ್ಯಾಹ್ನದ ಬಿಸಿಯೂಟವಿದೆ. ಅನ್ನ, ಬೇಳೆ ತರಕಾರಿಯ ಸಾಂಬಾರು, ಹಾಲು, ಬೇಯಿಸಿದ ಮೊಟ್ಟೆ, ಶೇಂಗಾ ಚಿಕ್ಕಿ ಕೊಡುತ್ತಾರೆ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ಅಲ್ಲಿಗೆ ಹೋಗಿ ಉಣ್ಣುವುದಕ್ಕೆ ಕೆಲವರು ಸಂಕೋಚಪಡುತ್ತಾರೆ. ಅದು ನಿಮ್ಮ ಹಕ್ಕಿನ ಊಟ. ಎರಡನೆಯ ತ್ರೈಮಾಸಿಕದಲ್ಲಿ ಒಮ್ಮೆ ಕೊಡುವ ಜಂತುಹುಳದ ಮಾತ್ರೆಯನ್ನೂ ಕೇಳಿ ಪಡೆಯಿರಿ. ಕೊಕ್ಕೆಹುಳು ಕರುಳಿನಲ್ಲಿ ಕೂತು ರಕ್ತ ಹೀರುತ್ತಿದ್ದರೆ ಎಷ್ಟು ಉಂಡರೂ ಹಿಮೋಗ್ಲೋಬಿನ್ ಏರುವುದಿಲ್ಲ.

ಉತ್ತರ: ಜೋಳದಹೊಲ

ನಾವು ಬಾಗಲಕೋಟೆ ಕಡೆಯವರು. ನಮ್ಮಲ್ಲಿ ರಾಗಿ ಅಪರೂಪ, ಜೋಳವೇ ನಿತ್ಯದ ಆಹಾರ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಇರುವ ಕ್ಯಾಲ್ಸಿಯಂ ಜೋಳದಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಈ ಚರ್ಚೆಯನ್ನು ಓದುವ ಉತ್ತರ ಕರ್ನಾಟಕದ ಗರ್ಭಿಣಿಯರು ರಾಗಿಯ ಲೆಕ್ಕವನ್ನು ರೊಟ್ಟಿಗೆ ಹಾಕಿಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮ ಊಟದಲ್ಲಿ ಆ ಕೊರತೆಯನ್ನು ತುಂಬುವುದು ರೊಟ್ಟಿಯ ಪಕ್ಕದಲ್ಲಿ ಇರುವುದೇ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಮೆಂತ್ಯದ ಪಲ್ಯ, ರಾಜಗಿರಿ ಪಲ್ಯ ಇವು ಕೇವಲ ನಂಚಿಕೊಳ್ಳಲು ಚಿಟಿಕೆಯಷ್ಟು ಇರದೆ ಹೊಟ್ಟೆ ತುಂಬುವಷ್ಟು ಇರಬೇಕು. ಬಡವರ ಮನೆಗಳಲ್ಲಿ ಮೊದಲು ಮಾಯವಾಗುವುದು ಮೊಸರೇ ಎಂಬುದನ್ನೂ ನಾವು ಬಲ್ಲೆವು. ಅಂಥ ಮನೆಯಲ್ಲಿ ಎಳ್ಳು, ಗುರೆಳ್ಳು, ಹಿತ್ತಲಿನ ನುಗ್ಗೆ ಸೊಪ್ಪು ಇವು ಕಡಿಮೆ ಖರ್ಚಿನಲ್ಲಿ ಕೈಹಿಡಿಯುತ್ತವೆ.

ಪಾಲಕ್ ಬಗ್ಗೆ ಒಂದು ಮಾತು. ಅದರಲ್ಲಿ ಕ್ಯಾಲ್ಸಿಯಂ ಇದೆ ಎಂದು ಪಟ್ಟಿಗಳಲ್ಲಿ ಬರೆದಿರುತ್ತದೆ, ಆದರೆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಎಂಬ ವಸ್ತು ಹೆಚ್ಚಿರುವುದರಿಂದ ದೇಹಕ್ಕೆ ಸಿಗುವುದು ನೂರಕ್ಕೆ ಸುಮಾರು 5 ಪಾಲು ಮಾತ್ರ. ಹಾಲಿನಿಂದಾದರೆ ಅದು 30ರ ಹತ್ತಿರವಿದೆ. ಕ್ಯಾಲ್ಸಿಯಂಗಾಗಿ ಪಾಲಕ್ ತಿನ್ನುವವರು ಮೆಂತ್ಯ ಅಥವಾ ನುಗ್ಗೆ ಸೊಪ್ಪಿಗೆ ಹೊರಳುವುದು ಒಳ್ಳೆಯದು.

ಹೊಂಗೆನೆರಳು (ಪ್ರಶ್ನೆ ಕೇಳಿದವರು)

ಇಷ್ಟು ವಿವರವಾಗಿ ತಿಳಿಸಿದ ಎಲ್ಲರಿಗೂ ಕೃತಜ್ಞಳು. ಹುರುಳಿಯ ಲೆಕ್ಕವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಮೌನವಾಗಿ ಕೇಳಿ, ವಾರಕ್ಕೊಮ್ಮೆ ಮಾಡೋಣ ಎಂದಿದ್ದಾರೆ. ಇನ್ನೆರಡು ವಿಷಯಗಳಿವೆ. ಉಪ್ಪಿನ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಮತ್ತೊಂದನ್ನು ಕೇಳಲು ಸಂಕೋಚವಾಗುತ್ತಿತ್ತು: ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಬಾಯಲ್ಲಿ ನೀರೂರುತ್ತದೆ, ಬಳಪ ಮತ್ತು ಹಸಿ ಅಕ್ಕಿ ತಿನ್ನಬೇಕೆನಿಸುತ್ತದೆ. ಹಿರಿಯರು ಇದು ಬಸುರಿಯ ಬಯಕೆ, ತೀರಿಸಬೇಕು ಎನ್ನುತ್ತಾರೆ. ಇದು ಸರಿಯೇ?

ಉತ್ತರ: ತುಂಬೆಹೂ

ನಾನು ತಾಲ್ಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ಪ್ರಸೂತಿ ವೈದ್ಯೆ. ನೀವು ಸಂಕೋಚದಿಂದ ಕೇಳಿದ ಪ್ರಶ್ನೆಯೇ ಇಲ್ಲಿನ ಅತ್ಯಂತ ಮುಖ್ಯವಾದ ಪ್ರಶ್ನೆ. ಮಣ್ಣು, ಬಳಪ, ಹಸಿ ಅಕ್ಕಿ, ವಿಭೂತಿ, ಮಂಜುಗಡ್ಡೆ ಇವುಗಳ ಮೇಲಿನ ಆಸೆಯು ಬಹಳಷ್ಟು ಸಲ ಕಬ್ಬಿಣದ ಕೊರತೆಯ ಜೊತೆಗೇ ಬರುತ್ತದೆ, ಕೊರತೆ ನೀಗಿದಂತೆ ತಾನಾಗಿ ಇಳಿಯುತ್ತದೆ. ಹುಳಿಮಾವಿನ ಬಯಕೆಯನ್ನು ತೀರಿಸಿಕೊಳ್ಳಿ. ಇದನ್ನು ತೀರಿಸಬೇಡಿ, ನಿಮ್ಮ ವೈದ್ಯರಿಗೆ ಹೇಳಿ. ಮಣ್ಣಿನಲ್ಲಿ ಸೀಸವೂ ಜಂತುಹುಳದ ಮೊಟ್ಟೆಗಳೂ ಇರಬಹುದು, ಅಲ್ಲದೆ ಕೆಲವು ಬಗೆಯ ಜೇಡಿಯು ಊಟದ ಕಬ್ಬಿಣವನ್ನೇ ಹಿಡಿದುಕೊಂಡು ಹೊರಗೊಯ್ಯುತ್ತದೆ.

ಗರ್ಭಿಣಿಯಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೂ, 10ರಿಂದ 10.9ರವರೆಗೆ ಸೌಮ್ಯ, 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕೆಳಗಾದರೆ ತೀವ್ರ ಎಂದೂ ಪರಿಗಣಿಸುತ್ತೇವೆ. ನಿಮ್ಮದು ಸೌಮ್ಯ ವರ್ಗಕ್ಕೆ ಸೇರಿದೆ. ಬಸಿರಿನಲ್ಲಿ ರಕ್ತದ ದ್ರವಭಾಗವು ಕೆಂಪುಕಣಗಳಿಗಿಂತ ವೇಗವಾಗಿ ಹೆಚ್ಚುವುದರಿಂದ ಅಂಕಿ ಸ್ವಲ್ಪ ಇಳಿಯುವುದು ಸಹಜವೂ ಹೌದು. ಆದರೆ 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52.2 ಮಂದಿ ರಕ್ತಹೀನರಾಗಿದ್ದರು ಎಂಬುದನ್ನು ನೋಡಿದರೆ, ಸೌಮ್ಯವೆಂದು ಸುಮ್ಮನಿರಲು ನನಗೆ ಮನಸ್ಸು ಬರುವುದಿಲ್ಲ. ಹೆರಿಗೆಯ ಹೊತ್ತಿನಲ್ಲಿ ರಕ್ತಸ್ರಾವವಾದರೆ, ಮೊದಲೇ ರಕ್ತ ಕಡಿಮೆಯಿರುವ ತಾಯಿ ಬಹು ಬೇಗ ಅಪಾಯಕ್ಕೆ ಸಿಲುಕುತ್ತಾಳೆ. ಅದನ್ನು ಕಣ್ಣಾರೆ ಕಂಡವರು ಮಾತ್ರೆಯ ವಿಷಯದಲ್ಲಿ ರಾಜಿಯಾಗಲಾರರು.

ದಿನಕ್ಕೆರಡು ಮಾತ್ರೆ ತೆಗೆದುಕೊಂಡು ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆ ನಿಯಮಿತವಾಗಿ ಹೊಟ್ಟೆ ಸೇರುತ್ತಿದೆಯೇ ಎಂದು ಮೊದಲು ನೋಡಿ, ಬಳಿಕ ಬೇರೆ ಕಾರಣಗಳನ್ನು ಹುಡುಕುತ್ತೇವೆ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಇರಬಹುದು. ಕೆಲವರಲ್ಲಿ ತಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕ ಸ್ಥಿತಿ ಇರಬಹುದು, ಅದಕ್ಕೆ ಪ್ರತ್ಯೇಕ ರಕ್ತಪರೀಕ್ಷೆ ಇದೆ. ಮಾತ್ರೆ ನಿಜಕ್ಕೂ ಒಗ್ಗದಿದ್ದರೆ ನಿಮ್ಮಷ್ಟಕ್ಕೆ ಬಿಡದೆ ವೈದ್ಯರಿಗೆ ತಿಳಿಸಿ. ಬೇರೆ ಬಗೆಯ ಕಬ್ಬಿಣದ ಲವಣಕ್ಕೆ ಬದಲಾಯಿಸಬಹುದು. ಹೆರಿಗೆ ಹತ್ತಿರವಾದಾಗಲೂ ಏರದೆ ಇದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಚಿಕಿತ್ಸೆಯೂ ಇದೆ. ಮಲಬದ್ಧತೆಗೆ ನೀರು, ನಾರಿರುವ ಸೊಪ್ಪು, ನೆನೆಸಿದ ಒಣದ್ರಾಕ್ಷಿ ಸಾಲದಿದ್ದರೆ ಬಸಿರಿನಲ್ಲಿ ಸುರಕ್ಷಿತವಾದ ಔಷಧಗಳಿವೆ, ಕೇಳಲು ಹಿಂಜರಿಯಬೇಡಿ.

ಕ್ಯಾಲ್ಸಿಯಂ ಮಾತ್ರೆ ಮೂಳೆಗಷ್ಟೇ ಅಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ತಾಯಂದಿರಲ್ಲಿ ಅದು ಬಸಿರಿನ ರಕ್ತದೊತ್ತಡದ ಕಾಯಿಲೆಯನ್ನು ತಗ್ಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅಂಥವರಿಗೆ ದಿನಕ್ಕೆ 1500ರಿಂದ 2000 ಮಿಲಿಗ್ರಾಂ ಸೂಚಿಸುತ್ತ ಬಂದಿದೆ. ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ 500 ಮಿಲಿಗ್ರಾಂನ ಎರಡು ಮಾತ್ರೆಗಳಿವೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಚೊಚ್ಚಲ ಬಸಿರಿನ 11,000 ಮಹಿಳೆಯರಲ್ಲಿ ದಿನಕ್ಕೆ 500 ಮತ್ತು 1500 ಮಿಲಿಗ್ರಾಂ ಪ್ರಮಾಣಗಳನ್ನು ಹೋಲಿಸಿ ನೋಡಿದರು. 2024ರ ಜನವರಿಯಲ್ಲಿ ಫಲಿತಾಂಶ ಪ್ರಕಟವಾಯಿತು. ಪೂರ್ವಗರ್ಭಾಕ್ಷೇಪ ಎಂಬ ಆ ಕಾಯಿಲೆ ಕಡಿಮೆ ಪ್ರಮಾಣದ ಗುಂಪಿನಲ್ಲಿ ನೂರಕ್ಕೆ 3.0, ಹೆಚ್ಚು ಪ್ರಮಾಣದ ಗುಂಪಿನಲ್ಲಿ 3.6 ಇತ್ತು, ಅಂದರೆ ಕಡಿಮೆ ಪ್ರಮಾಣವು ಹಿಂದೆ ಬೀಳಲಿಲ್ಲ. ಹಾಲು, ಮಜ್ಜಿಗೆ, ರಾಗಿ ನಿತ್ಯವಿರುವ ನಿಮಗೆ ಒಂದೇ ಮಾತ್ರೆ ಸಾಕಾಗಬಹುದೇ ಎಂದು ನಿಮ್ಮ ವೈದ್ಯರೊಂದಿಗೆ ಚರ್ಚಿಸಬಹುದು. ಒಂದು ಮಾತ್ರೆ ಕಡಿಮೆಯಾದರೆ ಕಬ್ಬಿಣಕ್ಕೆ ಬೇಕಾದ ಬಿಡುವಿನ ಹೊತ್ತು ಹೊಂದಿಸುವುದೂ ಸುಲಭವಾಗುತ್ತದೆ.

ಬಾಣಂತನದಲ್ಲಿ ಕ್ಯಾಲ್ಸಿಯಂ ಸಿಗಲೆಂದು ಎಲೆ ಅಡಿಕೆಗೆ ಸುಣ್ಣ ಹಚ್ಚಿ ಕೊಡುವ ಮನೆಗಳಿವೆ. ಬಸಿರಿನಲ್ಲಾಗಲಿ ಬಾಣಂತನದಲ್ಲಾಗಲಿ ಅಡಿಕೆ ಬೇಡವೇ ಬೇಡ. ಬಸಿರಿನಲ್ಲಿ ಅದನ್ನು ಅಗಿಯುವುದಕ್ಕೂ ಕಡಿಮೆ ತೂಕದ ಮಗು ಹುಟ್ಟುವುದಕ್ಕೂ ನಂಟು ಕಂಡುಬಂದಿದೆ.

ಉತ್ತರ: ಪಡುಗಡಲು

ಉಪ್ಪಿನ ಪ್ರಶ್ನೆಯನ್ನು ನಾನು ಎತ್ತಿಕೊಳ್ಳುತ್ತೇನೆ. ನಾವು ಕರಾವಳಿಯವರು; ಸಮುದ್ರದ ಪಕ್ಕದಲ್ಲೇ ಇದ್ದರೂ ನಮ್ಮ ಕಡೆಯ ಅಜ್ಜಿಯರಲ್ಲಿ ಗಳಗಂಡ, ಅಂದರೆ ಅಯೋಡಿನ್ ಕೊರತೆಯಿಂದ ಕುತ್ತಿಗೆ ಊದುವ ಕಾಯಿಲೆ, ಇದ್ದವರಿದ್ದರು. ಜೋರು ಮಳೆ ಮಣ್ಣಿನ ಅಯೋಡಿನನ್ನು ತೊಳೆದೊಯ್ಯುವುದರಿಂದ ಘಟ್ಟದ ಮೇಲೂ ಕೆಳಗೂ ಈ ಕೊರತೆ ಹಿಂದಿನಿಂದ ಇತ್ತು. ಕಡಲ ನೀರಿನಿಂದ ಮಾಡಿದ ಕಲ್ಲುಪ್ಪಿನಲ್ಲೂ, ಗಣಿಯಿಂದ ತೆಗೆದ ಸೈಂಧವ ಲವಣದಲ್ಲೂ ಸಹಜವಾಗಿ ಇರುವ ಅಯೋಡಿನ್ ಲೆಕ್ಕಕ್ಕೆ ಸಿಗದಷ್ಟು ಅಲ್ಪ.

ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿಗೆ ತನ್ನದೇ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ, ತಾಯಿಯದನ್ನೇ ಪಡೆದು ಅದರ ಮೆದುಳು ಬೆಳೆಯುತ್ತದೆ. ಆದ್ದರಿಂದ ಈ ಒಂದು ಖನಿಜದಲ್ಲಿ ಉದಾಸೀನ ಸಲ್ಲದು. ನಮ್ಮ ದೇಶದ ನಿಯಮದಂತೆ ಅಯೋಡಿನ್‌ಯುಕ್ತ ಉಪ್ಪು ಗ್ರಾಹಕರ ಕೈ ಸೇರುವಾಗ ಒಂದು ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಹೊಂದಿರಬೇಕು. ಅಷ್ಟು ಕನಿಷ್ಠ ಮಟ್ಟದ ಉಪ್ಪನ್ನು 5 ಗ್ರಾಂ ತಿಂದರೆ 75 ಮೈಕ್ರೋಗ್ರಾಂ ಆಯಿತು. ಉಳಿದದ್ದು ಹಾಲು, ಮೊಸರು, ಮೊಟ್ಟೆಗಳಿಂದ ಬರಬೇಕು. ಹೀಗಿರುವಾಗ ಉಪ್ಪಿನಿಂದಲೂ ಬರುವುದನ್ನು ಕಳೆದುಕೊಂಡರೆ ನಿಮ್ಮಂಥ ಸಸ್ಯಾಹಾರಿಗಳಿಗೆ ಉಳಿಯುವುದು ತೀರ ಕಡಿಮೆ. ಪೊಟ್ಟಣದ ಮೇಲೆ ಅಯೋಡಿನ್‌ಯುಕ್ತ ಎಂದು ಬರೆದ ಉಪ್ಪಿಗೆ ಈ ವಾರವೇ ಮರಳಿ. ಮುಚ್ಚಳ ಬಿಗಿಯಿರುವ ಡಬ್ಬದಲ್ಲಿ ಒಲೆಯಿಂದ ದೂರವಿಟ್ಟು, ಅಡುಗೆಯ ಕೊನೆಗೆ ಹಾಕಿ. ಉಪ್ಪಿನ ಪ್ರಮಾಣವನ್ನು ಹೆಚ್ಚಿಸುವುದು ಮಾತ್ರ ಪರಿಹಾರವಲ್ಲ. ಥೈರಾಯ್ಡ್ ಪರೀಕ್ಷೆ ಆಗಿದೆಯೇ ಎಂದೂ ಕೇಳಿ ನೋಡಿ.

ಮೀನು ತಿನ್ನುವ ಓದುಗರಿಗಾಗಿ ಒಂದು ಮಾತು: ಬೂತಾಯಿ, ಬಂಗುಡೆಯಂಥ ಚಿಕ್ಕ ಮೀನುಗಳಲ್ಲಿ ಅಯೋಡಿನ್ ಜೊತೆಗೆ ಸುಲಭವಾಗಿ ಹೀರಿಕೆಯಾಗುವ ಕಬ್ಬಿಣವೂ ಇದೆ, ಮುಳ್ಳುಸಹಿತ ತಿನ್ನುವ ಸಣ್ಣ ಮೀನಿನಲ್ಲಿ ಕ್ಯಾಲ್ಸಿಯಂ ಹೇರಳ. ಶಾರ್ಕ್‌ನಂಥ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಸೇರಿರುವುದರಿಂದ ಬಸಿರಿನಲ್ಲಿ ಅವು ಬೇಡ.

ಉತ್ತರ: ಸೊಪ್ಪಿನಮಡಿ

ಉಳಿದ ಖನಿಜಗಳ ಬಗ್ಗೆ ಯಾರೂ ಹೇಳದ ಕಾರಣ ಚುಟುಕಾಗಿ ಬರೆಯುತ್ತೇನೆ. ಸತು ದಿನಕ್ಕೆ 14.5 ಮಿಲಿಗ್ರಾಂ ಬೇಕು. ಕಾಳು, ಶೇಂಗಾ, ಎಳ್ಳು, ಕುಂಬಳಬೀಜ, ಹಾಲು, ಮೊಟ್ಟೆಗಳಲ್ಲಿ ಅದು ಹಂಚಿಕೊಂಡಿದೆ. ಫೈಟೇಟ್ ಇದಕ್ಕೂ ಅಡ್ಡಿಯಾದ್ದರಿಂದ ನೆನೆಸುವುದು, ಮೊಳಕೆ ಕಟ್ಟುವುದು, ಹುಳಿ ಬರಿಸುವುದು ಕಬ್ಬಿಣಕ್ಕೆ ಎಷ್ಟು ಮುಖ್ಯವೋ ಸತುವಿಗೂ ಅಷ್ಟೇ ಮುಖ್ಯ. ರಾಗಿ, ಕಾಳು, ಸೊಪ್ಪು ನಿತ್ಯವಿರುವ ಊಟದಲ್ಲಿ ಮೆಗ್ನೀಸಿಯಂ ಬಗ್ಗೆ ಪ್ರತ್ಯೇಕ ಚಿಂತೆ ಬೇಡ.

ನೀವು ತುಮಕೂರು ಜಿಲ್ಲೆಯವರು ಎಂದಿದ್ದರಿಂದ ನೀರನ್ನೂ ವಿಚಾರಿಸಬೇಕೆನಿಸಿತು. ಪಾವಗಡ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಹಲ್ಲು ಮೂಳೆಗಳನ್ನು ಕೆಡಿಸುತ್ತದೆ, ಕ್ಯಾಲ್ಸಿಯಂ ಕಡಿಮೆ ಉಣ್ಣುವವರಲ್ಲಿ ಅದರ ಹಾನಿ ಇನ್ನೂ ಹೆಚ್ಚು. ಕುಡಿಯುವುದಕ್ಕೆ ಮಾತ್ರವಲ್ಲ, ಮುದ್ದೆಯ ಎಸರಿಗೂ ಸಾರಿಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ; ಅಡುಗೆಯ ನೀರು ಲೆಕ್ಕಕ್ಕಿಲ್ಲವೆಂದು ಬಹುತೇಕ ಮನೆಗಳಲ್ಲಿ ಕೊಳವೆಬಾವಿಯ ನೀರನ್ನೇ ಹಾಕುತ್ತಾರೆ. ನಿಮ್ಮ ಊರಿನ ನೀರಿನ ಪರೀಕ್ಷೆಯ ವರದಿ ಗ್ರಾಮ ಪಂಚಾಯಿತಿಯಲ್ಲಿ ಸಿಗಬೇಕು, ಮನೆಯವರನ್ನು ಕಳುಹಿಸಿ ಕೇಳಿಸಿ.